ಚಿತ್ರ ಚಂದವಿದ್ದರೆ ಸಾಲದು: ಡಿಕ್ಸಿಟ್ ಎಕ್ಸ್‌ಪ್ಯಾನ್ಶನ್‌ಗೆ ವಿಮರ್ಶೆ ಬರೆಯುವ ಬಗೆ

ಡಿಕ್ಸಿಟ್ ಎಂಬುದು ಚಿತ್ರದ ಎಲೆಗಳನ್ನು, ಅಂದರೆ ಕಾರ್ಡುಗಳನ್ನು, ಹಿಡಿದು ಮೇಜಿನ ಸುತ್ತ ಕುಳಿತು ಆಡುವ ಆಟ. ಮೂಲ ಆಟಕ್ಕೆ ಸೇರಿಸಿಕೊಳ್ಳಲು ಬೇರೆಯಾಗಿ ಸಿಗುವ ಎಕ್ಸ್‌ಪ್ಯಾನ್ಶನ್ ಪೆಟ್ಟಿಗೆಯೊಳಗೆ ಇರುವುದು 84 ಚಿತ್ರಗಳು, ಅಷ್ಟೇ. ಹೊಸ ನಿಯಮವಿಲ್ಲ, ಹೊಸ ಕಾಯಿಗಳಿಲ್ಲ. ಹೀಗಾಗಿ ಇದರ ಬಗ್ಗೆ ಬರೆಯಲು ಕುಳಿತವರು ಬಹಳ ಸಲ "ಚಿತ್ರಗಳು ಸುಂದರವಾಗಿವೆ, ಮೂಲ ಆಟ ಇಷ್ಟವಾದವರು ಕೊಳ್ಳಬಹುದು" ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಬರೀ "ಸುಂದರವಾಗಿದೆ" ಎಂದು ಹೇಳಿ ಕುಳಿತುಕೊಳ್ಳಲು ನನ್ನ ತರಗತಿಯಲ್ಲಿ ಯಾರಿಗೂ ಬಿಡುವುದಿಲ್ಲ. ಎಲ್ಲಿ ಸುಂದರ, ಯಾಕೆ ಸುಂದರ ಎಂದು ಬೆರಳಿಟ್ಟು ತೋರಿಸಬೇಕು. ಆಟಕ್ಕೆಂದು ಬರೆದ ಚಿತ್ರವಾದರೆ ಇನ್ನೂ ಒಂದು ಪ್ರಶ್ನೆ ಸೇರಿಕೊಳ್ಳುತ್ತದೆ: ಈ ಚಿತ್ರ ಮೇಜಿನ ಮೇಲೆ ಆಡುತ್ತದೆಯೇ?

ಒಮ್ಮೆ ಆಡುವಾಗ ನನ್ನ ಅತ್ತೆ ತಮ್ಮ ಕೈಯಲ್ಲಿದ್ದ ಒಂದು ಎಲೆಯನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸುತ್ತಲೇ ಇದ್ದರು. ಚಿತ್ರ ಬಹಳ ನಯವಾಗಿತ್ತು, ಬಣ್ಣ ತುಂಬಿದ್ದಂತೂ ನಾನೇ ಮೆಚ್ಚುವಂತಿತ್ತು. "ಅಜ್ಜಿ, ಅದನ್ನು ಯಾಕೆ ಆಡುವುದಿಲ್ಲ?" ಎಂದು ಮಗಳು ಕೇಳಿದಳು. "ಇದರಲ್ಲಿ ನಾನು ಹೇಳಲು ಏನೂ ಉಳಿದಿಲ್ಲ ಪುಟ್ಟಿ, ಬರೆದವನೇ ಎಲ್ಲ ಹೇಳಿಬಿಟ್ಟಿದ್ದಾನೆ" ಎಂದರು ಅತ್ತೆ. ಡಿಕ್ಸಿಟ್‌ನ ಹೊಸ ಪೆಟ್ಟಿಗೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇನ್ನೂ ಸಿಕ್ಕಿಲ್ಲ. ಆ ಅಳತೆಗೋಲನ್ನು ಹಿಡಿದು ವಿಮರ್ಶೆ ಬರೆಯುವುದು ಹೇಗೆ ಎಂಬುದನ್ನೇ ಇಲ್ಲಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ಚುಟುಕಾಗಿ: ಪ್ರತಿಯೊಬ್ಬರ ಕೈಯಲ್ಲಿ ಆರು ಚಿತ್ರಗಳಿರುತ್ತವೆ. ಸರದಿ ಬಂದವರು ಒಂದು ಚಿತ್ರವನ್ನು ಮನಸ್ಸಿನಲ್ಲಿ ಆರಿಸಿ ಒಂದು ಸುಳಿವು ಕೊಡುತ್ತಾರೆ. ಅದು ಪದವಾಗಬಹುದು, ಗಾದೆಯಾಗಬಹುದು, ಹಾಡಿನ ತುಣುಕಾಗಬಹುದು, ಬರೀ ಒಂದು ಸದ್ದೂ ಆಗಬಹುದು. ಉಳಿದವರು ಆ ಸುಳಿವಿಗೆ ಹೊಂದುವ ತಮ್ಮದೊಂದು ಚಿತ್ರವನ್ನು ಮಗುಚಿ ಕೊಡುತ್ತಾರೆ. ಎಲ್ಲವನ್ನೂ ಕಲಸಿ ತೆರೆದಿಟ್ಟ ಮೇಲೆ, ಸುಳಿವು ಕೊಟ್ಟವರ ಚಿತ್ರ ಯಾವುದು ಎಂದು ಗುಟ್ಟಾಗಿ ಮತ ಹಾಕಬೇಕು. ಎಲ್ಲರೂ ಕಂಡುಹಿಡಿದರೂ, ಯಾರೂ ಕಂಡುಹಿಡಿಯದಿದ್ದರೂ ಸುಳಿವು ಕೊಟ್ಟವರಿಗೆ ಸೊನ್ನೆ, ಉಳಿದವರಿಗೆ ತಲಾ 2 ಅಂಕ. ಕೆಲವರಿಗೆ ಮಾತ್ರ ಸಿಕ್ಕಿದರೆ ಸುಳಿವು ಕೊಟ್ಟವರಿಗೂ ಸರಿಯಾಗಿ ಊಹಿಸಿದವರಿಗೂ 3. ನಿಮ್ಮ ಚಿತ್ರಕ್ಕೆ ಬೇರೆಯವರು ಮೋಸಹೋಗಿ ಮತ ಹಾಕಿದರೆ ಪ್ರತಿ ಮತಕ್ಕೆ 1. ಫ್ರಾನ್ಸಿನ ಜಾನ್-ಲೂಯಿ ರೂಬಿರಾ ರೂಪಿಸಿದ ಈ ಆಟ 2008ರಲ್ಲಿ ಬಂತು, 2010ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆಯಿತು. ಮೂಲ ಪೆಟ್ಟಿಗೆಯ ಚಿತ್ರಗಳು ಮರೀ ಕಾರ್ಡುವಾ ಅವರವು.

ಅಂಕದ ಈ ಲೆಕ್ಕವನ್ನು ಸರಿಯಾಗಿ ಗಮನಿಸಿ. ತೀರಾ ಸ್ಪಷ್ಟವಾದದ್ದಕ್ಕೂ ತೀರಾ ಗೂಢವಾದದ್ದಕ್ಕೂ ಇಲ್ಲಿ ಶಿಕ್ಷೆಯಿದೆ. ಹಾಗಾಗಿ ಒಳ್ಳೆಯ ಚಿತ್ರವೆಂದರೆ ನಡುವಿನ ಸುಳಿವಿಗೆ ಜಾಗ ಕೊಡುವ ಚಿತ್ರ. ವಿಮರ್ಶೆಯ ಬೇರು ಇರುವುದು ಇಲ್ಲಿ.

ಕಲೆಯನ್ನೇ ವಸ್ತುವಾಗಿಸಿಕೊಂಡ ಆಟ ಯಾವುದೇ ಇರಲಿ, ಅದರ ಎಕ್ಸ್‌ಪ್ಯಾನ್ಶನ್ ಬಗ್ಗೆ ಬರೆಯುವ ಮೊದಲು ಆ ಆಟದಲ್ಲಿ ಚಿತ್ರಕ್ಕೆ ಏನು ಕೆಲಸ ಎಂದು ನಿಶ್ಚಯಿಸಿಕೊಳ್ಳಿ. ರೈನರ್ ಕ್ನಿಟ್ಸಿಯಾ ಅವರ ಮಾಡರ್ನ್ ಆರ್ಟ್ 1992ರ ಆಟ. ಅಲ್ಲಿ ಐವರು ಕಲಾವಿದರ 70 ಎಲೆಗಳನ್ನು ಐದು ಬಗೆಯ ಹರಾಜಿನಲ್ಲಿ ಕೊಂಡು ಮಾರುತ್ತೇವೆ. ಎಲೆಯ ಮೇಲಿನ ಚಿತ್ರ ಚೆನ್ನಾಗಿದ್ದರೂ ಕೆಟ್ಟದಾಗಿದ್ದರೂ ಬೆಲೆ ಬದಲಾಗುವುದಿಲ್ಲ, ಆ ಕಲಾವಿದನ ಎಷ್ಟು ಎಲೆ ಹೊರಬಿದ್ದಿವೆ ಎಂಬುದಷ್ಟೇ ಮುಖ್ಯ. ಕ್ಯಾನ್ವಾಸ್ ಎಂಬ ಆಟದಲ್ಲಿ ಮೂರು ಪಾರದರ್ಶಕ ಎಲೆಗಳನ್ನು ಒಂದು ಹಿನ್ನೆಲೆಯ ಮೇಲೆ ಒಂದರ ಮೇಲೊಂದಿಟ್ಟು ಚಿತ್ರ ಕಟ್ಟುತ್ತೇವೆ. ಮೇಲಿನ ಎಲೆ ಕೆಳಗಿನ ಎಲೆಯ ಗುರುತನ್ನು ಮುಚ್ಚುತ್ತದೆ, ಉಳಿದು ಕಾಣುವ ಗುರುತುಗಳಿಂದ ರಿಬ್ಬನ್ನುಗಳು ಸಿಗುತ್ತವೆ. ಚಿತ್ರ ಕಣ್ಣಿಗೆ ಹಬ್ಬ, ಗೆಲುವು ಮಾತ್ರ ಗುರುತುಗಳದ್ದು. ಆ ಆಟಕ್ಕೆ ಬಂದ ರಿಫ್ಲೆಕ್ಷನ್ಸ್‌ನಂತಹ ಎಕ್ಸ್‌ಪ್ಯಾನ್ಶನ್ ಬಗ್ಗೆ ಬರೆಯುವವರು ಹೊಸ ಲೆಕ್ಕ ಕಲಿಯಲು ಎಷ್ಟು ಹೊತ್ತು ಬೇಕು, ಮೇಜು ಜೋಡಿಸುವುದು ಎಷ್ಟು ಉದ್ದವಾಯಿತು, ಯೋಚಿಸುವವರು ಇನ್ನೂ ನಿಧಾನವಾದರೇ ಎಂದು ನೋಡಬೇಕು. ಡಿಕ್ಸಿಟ್‌ನಲ್ಲಿ ಚಿತ್ರವೇ ಆಟ. ಹಾಗಾಗಿ ಇಲ್ಲಿ ಚಿತ್ರವಿಮರ್ಶೆಯೂ ಆಟವಿಮರ್ಶೆಯೂ ಬೇರೆ ಬೇರೆ ಇರಲು ಸಾಧ್ಯವಿಲ್ಲ.

ನಮ್ಮ ಪಕ್ಕದ ಮೈಸೂರಿನ ಗಂಜೀಫಾ ಎಲೆಗಳನ್ನು ನೆನೆಯಿರಿ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣಗಳು, ಪ್ರತಿ ಬಣಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಮೂರನೆಯ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ಎಷ್ಟೋ ಬಗೆಯಲ್ಲಿ ಬೆಳೆಸಿದರು. ಅಲ್ಲಿ ಕಲಾವಿದನ ಕೈ ಎಷ್ಟೇ ಪಳಗಿದ್ದರೂ, ಆಡುವವರು ಎಲೆಯನ್ನು ಕಂಡ ಕ್ಷಣವೇ ಇದು ಮತ್ಸ್ಯ, ಇದು ಕೂರ್ಮ ಎಂದು ಗುರುತು ಹಿಡಿಯಬೇಕು. ಡಿಕ್ಸಿಟ್‌ನ ಕಲಾವಿದನ ಮೇಲಿರುವ ಹೊಣೆ ಇದಕ್ಕೆ ಪೂರ್ತಿ ತಿರುಗುಮುರುಗು: ಕಂಡ ಕ್ಷಣ ಇದು ಇಂಥದ್ದೇ ಎಂದು ತೀರ್ಮಾನವಾಗಬಾರದು. ಎರಡೂ ಕಷ್ಟದ ಕೆಲಸ. ಆಟದ ಎಲೆಗೆ ಚಿತ್ರ ಬರೆಯುವುದು ಗೋಡೆಗೆ ತೂಗುವ ಚಿತ್ರ ಬರೆಯುವುದಕ್ಕಿಂತ ಕೀಳು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಪೆಟ್ಟಿಗೆ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ಒಂದು ಸಂಯಮ: ಚಿತ್ರಗಳನ್ನು ನೋಡಬೇಡಿ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಎಲೆಗಳನ್ನು ಮಗುಚಿ ಹಿಡಿದೇ ಎಣಿಸಿ. 84 ಇವೆಯೇ, ಮೂಲೆ ಮಡಿದಿದೆಯೇ, ಅಂಚು ಸುಲಿದಿದೆಯೇ ಎಂದಷ್ಟೇ ನೋಡಿ. ಹೊಸ ಚಿತ್ರವನ್ನು ಮೊದಲ ಸಲ ಕಾಣುವ ಅನುಭವ ಒಂದೇ ಸಲ ಸಿಗುವಂಥದ್ದು. ಅದು ನಿಮಗೆ ಮೇಜಿನ ಮುಂದೆ, ಸುಳಿವು ಹುಡುಕುವ ಒತ್ತಡದಲ್ಲಿ, ಬೇರೆಯವರ ಜೊತೆಯಲ್ಲೇ ಸಿಗಬೇಕು. ಓದುಗರು ಆಟವನ್ನು ಕಾಣುವುದು ಹಾಗೆಯೇ. ಮನೆಯಲ್ಲಿ ಒಬ್ಬರೇ ಕುಳಿತು 84 ಚಿತ್ರಗಳನ್ನೂ ತಿರುವಿ ಹಾಕಿದವರು ಬರೆಯುವ ವಿಮರ್ಶೆ ಆಲ್ಬಮ್ಮಿನ ವಿಮರ್ಶೆಯಾಗುತ್ತದೆ.

ಆಮೇಲೆ ಬೆನ್ನು ನೋಡಿ. ಹಳೆಯ ಎಲೆಗಳ ಬೆನ್ನಿನ ಪಕ್ಕದಲ್ಲಿ ಹೊಸದರ ಬೆನ್ನನ್ನು ಹಗಲು ಬೆಳಕಿನಲ್ಲಿಡಿ. ಬಣ್ಣದ ಛಾಯೆ ಒಂದೇ ಇದೆಯೇ? ಇದನ್ನು ಅಲಕ್ಷಿಸುವವರು ಬಹಳ. ಸುಳಿವು ಕೊಟ್ಟವರು ಎಲೆಯನ್ನು ಮಗುಚಿ ಇಡುವಾಗ ಬೆನ್ನಿನ ಛಾಯೆಯಿಂದ ಅದು ಹೊಸ ಪೆಟ್ಟಿಗೆಯದೋ ಹಳೆಯದೋ ಎಂದು ಗೊತ್ತಾಗಿಬಿಟ್ಟರೆ ಅರ್ಧ ಊಹೆ ಅಲ್ಲಿಗೇ ಮುಗಿಯಿತು. ವ್ಯತ್ಯಾಸವಿದ್ದರೆ ಸ್ಪಷ್ಟವಾಗಿ ಬರೆಯಿರಿ, ಹಿಂಬದಿ ಬಣ್ಣದ ಸ್ಲೀವ್ (ಎಲೆಗೆ ತೊಡಿಸುವ ಪ್ಲಾಸ್ಟಿಕ್ ಕವಚ) ಹಾಕಿದರೆ ಪರಿಹಾರ ಎಂಬುದನ್ನೂ ಬರೆಯಿರಿ. ಡಿಕ್ಸಿಟ್ ಎಲೆಗಳ ಅಳತೆ 80 ಮಿ.ಮೀ. ಅಗಲ, 120 ಮಿ.ಮೀ. ಉದ್ದ. ಇಸ್ಪೀಟಿನ ಎಲೆಗೆ ಸಿಗುವ ಸ್ಲೀವ್ ಇದಕ್ಕೆ ಆಗುವುದಿಲ್ಲ. ಈ ಅಳತೆಯನ್ನು ವಿಮರ್ಶೆಯಲ್ಲಿ ಕೊಟ್ಟರೆ ಯಾರೋ ಒಬ್ಬರ ಹಣ ಉಳಿಯುತ್ತದೆ.

ನಮ್ಮ ಕೊಡಗಿನವರಿಗೆ ಇಲ್ಲಿ ಇನ್ನೊಂದು ಪರೀಕ್ಷೆ ಇದೆ, ಮಳೆ. ಜೂನ್‌ನಿಂದ ಗೋಡೆ ಬೆವರಲು ಶುರುವಾದರೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿದು. ರಟ್ಟಿನ ಎಲೆ ತೇವ ಹೀರಿ ಬಾಗುತ್ತದೆ. ಹಳೆಯ ಎಲೆಗಳು ಈಗಾಗಲೇ ಒಂದೆರಡು ಮಳೆಗಾಲ ಕಂಡಿರುತ್ತವೆ, ಹೊಸವು ನೆಟ್ಟಗಿರುತ್ತವೆ. ಎರಡನ್ನೂ ಕಲಸಿದರೆ ಬಾಗಿನಿಂದಲೇ ಗುರುತು ಸಿಗುತ್ತದೆ. ನಾನು ಹೊಸ ಪೆಟ್ಟಿಗೆ ಬಂದರೆ ಹಳೆಯದನ್ನೂ ಹೊಸದನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ, ಮೇಲೆ ಭಾರವಿಟ್ಟು ಕೆಲವು ದಿನ ಇಡುತ್ತೇನೆ. ಬೆಂಕಿಯ ಹತ್ತಿರ ಒಣಗಿಸಬೇಡಿ, ಒಂದು ಮಗ್ಗುಲು ಬೇಗ ಒಣಗಿ ಬಾಗು ಹೆಚ್ಚುತ್ತದೆ. ಒಣ ಊರಿನಲ್ಲಿ ಕುಳಿತು ಬರೆಯುವ ವಿಮರ್ಶಕರಿಗೆ ಹೊಳೆಯದ ವಿಷಯ ಇದು. ಮಲೆನಾಡು, ಕರಾವಳಿಯ ಓದುಗರಿಗೆ ನೀವು ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ?

ಈಗ ಆಟ. ಬಹುತೇಕ ವಿಮರ್ಶೆಗಳು ಸೋಲುವುದು ಲೆಕ್ಕದಲ್ಲಿ. ಮೂಲ ಪೆಟ್ಟಿಗೆಯ 84, ಹೊಸ 84 ಕಲಸಿದರೆ 168. ಆರು ಜನ ಹತ್ತು ಸುತ್ತು ಆಡಿದರೆ ಮೇಜಿಗೆ ಬರುವುದು 60 ಚಿತ್ರ. ಅದರಲ್ಲಿ ಅರ್ಧ, ಅಂದರೆ 30ರ ಆಸುಪಾಸು ಮಾತ್ರ ಹೊಸವು. ಪೆಟ್ಟಿಗೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕೇ ಜನರಾದರೆ ಹತ್ತು ಸುತ್ತಿಗೆ 40 ಚಿತ್ರ, ಹೊಸವು 20. ಒಂದು ಸಂಜೆ ಕಲಸಿ ಆಡಿ "ಈ ಪೆಟ್ಟಿಗೆ ಹೀಗಿದೆ" ಎಂದು ಬರೆಯುವವರು ನೋಡದೇ ಇದ್ದ ಚಿತ್ರಗಳೇ ಹೆಚ್ಚು.

ಆದ್ದರಿಂದ ಮೊದಲು ಹೊಸ ಎಲೆಗಳನ್ನಷ್ಟೇ ಇಟ್ಟುಕೊಂಡು ಆಡಿ, ಸಾಧ್ಯವಾದರೆ ಆರು ಜನ. ಈಗಿನ ನಿಯಮದಂತೆ ಯಾರಾದರೂ 30 ಅಂಕ ಮುಟ್ಟಿದರೆ ಆಟ ಮುಗಿಯುತ್ತದೆ. ವಿಮರ್ಶೆಗಾಗಿ ಆಡುವಾಗ ಅಲ್ಲಿ ನಿಲ್ಲಿಸಬೇಡಿ, ಎಲೆ ಮುಗಿಯುವವರೆಗೆ ಮುಂದುವರಿಸಿ. ಸುತ್ತಿಗೆ ಆರರಂತೆ ಹದಿನಾಲ್ಕು ಸುತ್ತಿಗೆ 84 ಚಿತ್ರಗಳೂ ಮೇಜಿಗೆ ಬರುತ್ತವೆ. ಕೊನೆಯ ಸುತ್ತುಗಳಲ್ಲಿ ತೆಗೆದುಕೊಳ್ಳಲು ಹೊಸ ಎಲೆ ಇರುವುದಿಲ್ಲ, ಕೈ ಬರಿದಾಗುತ್ತಾ ಬರುತ್ತದೆ, ಬೇಡದ ಚಿತ್ರವನ್ನೇ ಆಡಬೇಕಾಗುತ್ತದೆ. ನಮಗೆ ಬೇಕಾದದ್ದೂ ಅದೇ. ಯಾರೂ ಆಡಲು ಮನಸ್ಸು ಮಾಡದೆ ಕೊನೆಯವರೆಗೂ ಕೈಯಲ್ಲಿ ಕುಳಿತ ಚಿತ್ರಗಳು ಯಾವುವು ಎಂದು ಆಗ ಬಯಲಾಗುತ್ತದೆ. ಆ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಆಡಿದವರನ್ನು ಕೇಳಿ, "ಇದನ್ನು ಯಾಕೆ ಉಳಿಸಿಕೊಂಡಿರಿ?" ಎಂದು. ಅತ್ತೆಯ ಮಾತು ನನಗೆ ಸಿಕ್ಕಿದ್ದು ಅಂಥ ಪ್ರಶ್ನೆಯಿಂದಲೇ.

ಇದಾದ ಮೇಲೆ ಹಳೆಯದರ ಜೊತೆ ಕಲಸಿ ಆಡಿ, ಬೇರೆ ಬೇರೆ ಜನರ ಜೊತೆ ಆಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಪ್ರತಿ ಸುತ್ತಿಗೆ ಒಂದು ಸಾಲು ಸಾಕು: ಸುಳಿವು ಕೊಟ್ಟವರ ಚಿತ್ರವನ್ನು ಗುರುತಿಸಲು ಎರಡು ಪದ, ಕೊಟ್ಟ ಸುಳಿವು, ಎಷ್ಟು ಜನ ಕಂಡುಹಿಡಿದರು, ಉಳಿದ ಮತಗಳು ಯಾವ ಚಿತ್ರಕ್ಕೆ ಹೋದವು. ಆಟದ ಓಟ ಕೆಡದಂತೆ, ಅಂಕ ಸರಿಸುವ ಹೊತ್ತಿನಲ್ಲೇ ಬರೆದುಬಿಡಬಹುದು. ನಮ್ಮ ಮನೆಯಲ್ಲಿ ಈ ಕೆಲಸ ಮಾವನದ್ದು. ತೋಟದ ಲೆಕ್ಕ ಬರೆದು ಅಭ್ಯಾಸವಿರುವ ಅವರ ಅಕ್ಷರ ನನ್ನದಕ್ಕಿಂತ ಅಚ್ಚುಕಟ್ಟು.

ಕೆಲವು ಆಟಗಳಾದ ಮೇಲೆ ಆ ಪುಟಗಳನ್ನು ಓದಿದರೆ ದುರ್ಬಲ ಚಿತ್ರಗಳ ಬಗೆಗಳು ತಾವಾಗಿಯೇ ಮೇಲೆ ಬರುತ್ತವೆ. ಮೊದಲನೆಯದು ಅತ್ತೆ ಹೇಳಿದ ಬಗೆ. ಒಂದು ಮುರಿದ ಕಿರೀಟ, ಅದರ ಮುಂದೆ ಅಳುವ ರಾಜ, ಹಿಂದೆ ಉರಿಯುವ ಕೋಟೆ ಎಂದಿಟ್ಟುಕೊಳ್ಳಿ. ಕೌಶಲ ಎಷ್ಟೇ ಇರಲಿ, ಈ ಚಿತ್ರ ಸೋಲು ಎಂಬ ಒಂದೇ ಮಾತನ್ನು ಮೂರು ಸಲ ಹೇಳುತ್ತದೆ. ಯಾವ ಸುಳಿವು ಕೊಟ್ಟರೂ ಎಲ್ಲರೂ ಅಲ್ಲಿಗೇ ಬರುತ್ತಾರೆ, ಕೊಟ್ಟವರಿಗೆ ಸೊನ್ನೆ. ಅದೇ ರಾಜ ಅಳುವ ಬದಲು ಕಿರೀಟದೊಳಗೆ ಏನನ್ನೋ ನೆಡುತ್ತಿದ್ದರೆ? ಆಗ ಸೋಲು, ಆರಂಭ, ತೋಟ, ನಿವೃತ್ತಿ, ಅಜ್ಜ, ಏನು ಬೇಕಾದರೂ ಹೇಳಬಹುದು. ಚಿತ್ರದಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿರಬೇಕು, ಅಥವಾ ಎರಡು ವಸ್ತುಗಳ ನಡುವಿನ ನಂಟು ಬಿಡಿಸದೆ ಉಳಿದಿರಬೇಕು.

ಎರಡನೆಯದು ಇದಕ್ಕೆ ವಿರುದ್ಧ: ಎಲ್ಲದಕ್ಕೂ ಸಲ್ಲುವ ಚಿತ್ರ. ಮೆಟ್ಟಿಲು, ಬಾಗಿಲು, ಚಂದ್ರ, ಹಡಗು, ಮೀನು, ಪುಸ್ತಕ ಎಲ್ಲವನ್ನೂ ಒಂದೇ ಎಲೆಯಲ್ಲಿ ತುಂಬಿದರೆ ಅದನ್ನು ಯಾರು ಯಾವಾಗ ಬೇಕಾದರೂ ಹಾಕಬಹುದು, ಮತಗಳೂ ಬರುತ್ತವೆ. ಹೊಸಬರಿಗೆ ಇಂಥ ಎಲೆ ಬಹಳ ಇಷ್ಟವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಅದು ಬೇರೆ ಬೇರೆ ಸುಳಿವುಗಳ ಎದುರು ಮತ್ತೆ ಮತ್ತೆ ಮತ ಕದ್ದದ್ದು ಕಾಣುತ್ತದೆ. ಇಂಥವು ನಾಲ್ಕೈದು ಇದ್ದರೆ ತೊಂದರೆಯಿಲ್ಲ. ಪೆಟ್ಟಿಗೆಯ ತುಂಬ ಇಂಥವೇ ಆದರೆ ಊಹೆಗೆ ಬೆಲೆ ಉಳಿಯುವುದಿಲ್ಲ, ಅದನ್ನು ಕಡ್ಡಾಯವಾಗಿ ಬರೆಯಬೇಕು.

ಮೂರನೆಯ ಬಗೆಯನ್ನು ಕಂಡುಹಿಡಿಯುವುದು ಸ್ವಲ್ಪ ಕಷ್ಟ. ಬರೀ ಭಾವ ತುಂಬಿದ ಚಿತ್ರಗಳವು: ಮಂಜು, ಒಂಟಿ ಮನುಷ್ಯ, ದೂರದ ಬೆಳಕು. ಒಂದೊಂದನ್ನೇ ನೋಡಿದರೆ ಮೈಮರೆಯುತ್ತೇವೆ. ಒಂದೇ ಪೆಟ್ಟಿಗೆಯಲ್ಲಿ ಅಂಥವು ಹತ್ತಾರು ಇದ್ದರೆ "ಒಂಟಿತನ" ಎಂದಾಗ ಮೇಜಿನ ಮೇಲೆ ಆರೂ ಒಂಟಿಗಳೇ ಬಂದು ಕೂರುತ್ತವೆ, ಮತ ಹಾಕುವುದು ಚೀಟಿ ಎತ್ತಿದಂತಾಗುತ್ತದೆ. ಚಿತ್ರಗಳನ್ನು ಬಿಡಿಬಿಡಿಯಾಗಿ ಹೊಗಳುವ ವಿಮರ್ಶಕರಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ. 84 ಒಟ್ಟಿಗೆ ಒಂದು ಗುಂಪಾಗಿ ಹೇಗಿವೆ ಎಂದು ನೋಡಿ: ನಗು ಎಷ್ಟು, ಭಯ ಎಷ್ಟು, ಚಲನೆ ಎಷ್ಟು, ಮನುಷ್ಯರಿಲ್ಲದವು ಎಷ್ಟು.

ಕಲಾವಿದರ ಹೆಸರನ್ನು ವಿಮರ್ಶೆಯ ಮೊದಲ ಸಾಲುಗಳಲ್ಲೇ ಬರೆಯಿರಿ. ಡಿಕ್ಸಿಟ್‌ನಲ್ಲಿ ಇದು ಬರೀ ಗೌರವದ ಮಾತಲ್ಲ, ಕೊಳ್ಳುವವರಿಗೆ ಬೇಕಾದ ಮಾಹಿತಿ. ಕ್ವೆಸ್ಟ್ ಎಂಬ ಮೊದಲ ಎಕ್ಸ್‌ಪ್ಯಾನ್ಶನ್ ಮೂಲದ ಮರೀ ಕಾರ್ಡುವಾ ಅವರದೇ, ಅದು ಡಿಕ್ಸಿಟ್ 2 ಎಂಬ ಹೆಸರಿನಲ್ಲೂ ಬಂದಿದೆ. ಜರ್ನಿ ಝೇವಿಯೆ ಕೊಲೆತ್ ಅವರದು, ಒರಿಜಿನ್ಸ್ ಕ್ಲೆಮಾಂ ಲೆಫೆವ್ರ್ ಅವರದು, ಡೇಡ್ರೀಮ್ಸ್ ಫ್ರಾಂಕ್ ದಿಯೋಂ ಅವರದು. ಪೆಟ್ಟಿಗೆಗೊಂದು ಕೈ, ಕೈಗೊಂದು ಲೋಕ. ಕಾರ್ಡುವಾ ಅವರ ಚಿತ್ರಗಳಲ್ಲಿ ಮಕ್ಕಳ ಕಥೆಪುಸ್ತಕದ ಮೃದುತ್ವ ಇದೆ, ಬಣ್ಣದ ಅಂಚುಗಳು ಕರಗಿಕೊಂಡಿರುತ್ತವೆ. ದಿಯೋಂ ಅವರಲ್ಲಿ ನೆರಳು ದಟ್ಟ. ನನಗೆ ದಿಯೋಂ ಅವರ ಬೆಳಕು ಬೀಳುವ ರೀತಿ ಬಹಳ ಹಿಡಿಸುತ್ತದೆ, ಆದರೆ ಚಿಕ್ಕ ಮಕ್ಕಳ ಜೊತೆ ಆಡುವ ಮನೆಗೆ ಮೊದಲ ಎಕ್ಸ್‌ಪ್ಯಾನ್ಶನ್ ಆಗಿ ಅದನ್ನು ಹೇಳಲಾರೆ. ಒಡಿಸ್ಸಿ ಎಂಬ ಪೆಟ್ಟಿಗೆ ಬೇರೆ ಜಾತಿಯದು: ಅದನ್ನು ಮೂಲ ಪೆಟ್ಟಿಗೆಯಿಲ್ಲದೆಯೂ ಆಡಬಹುದು, 12 ಜನರವರೆಗೆ ಸೇರಬಹುದು. ಯಾವುದಕ್ಕೆ ಮೂಲ ಪೆಟ್ಟಿಗೆ ಬೇಕು, ಯಾವುದಕ್ಕೆ ಬೇಡ ಎಂದು ನೀವು ಬರೆಯದಿದ್ದರೆ, ಬೆಂಗಳೂರಿನಿಂದ ತರಿಸಿಕೊಂಡು ಪೆಟ್ಟಿಗೆ ತೆರೆದ ಮೇಲೆ ಅಂಕದ ಹಲಗೆ ಎಲ್ಲಿ ಎಂದು ಹುಡುಕುವವರು ಇರುತ್ತಾರೆ.

ಶೈಲಿ ಬದಲಾದಾಗ ಕಲಸಿದ ಕಟ್ಟಿನಲ್ಲಿ ಏನಾಗುತ್ತದೆ ಎಂಬುದೂ ಒಂದು ಪರೀಕ್ಷೆ. ಹಳೆಯ ಕಟ್ಟಿನ ಚಿತ್ರಗಳು ತಿಳಿಯಾಗಿದ್ದು ಹೊಸವು ಕಪ್ಪಾಗಿದ್ದರೆ, ದುಗುಡದ ಸುಳಿವು ಬಂದಾಗಲೆಲ್ಲ ಎಲ್ಲರೂ ಹೊಸ ಚಿತ್ರಗಳನ್ನೇ ಇಳಿಸುತ್ತಾರೆ, ಹಬ್ಬದ ಸುಳಿವಿಗೆ ಹಳೆಯವನ್ನೇ. ಕಟ್ಟು ಒಂದಾಗುವ ಬದಲು ಎರಡಾಗಿ ಒಡೆಯುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಕಂಡರೆ, ಕಲಸದೆ ಬೇರೆಯಾಗಿಯೇ ಆಡಿ ಎಂಬ ಸಲಹೆ ಕೊಡಿ.

ಮೇಜಿನ ಸುತ್ತ ಕುಳಿತವರ ಬಗ್ಗೆ ಬರೆಯದ ಡಿಕ್ಸಿಟ್ ವಿಮರ್ಶೆ ನನಗೆ ಅಪೂರ್ಣ. ಎಲೆಗಳ ಮೇಲೆ ಒಂದಕ್ಷರವೂ ಇಲ್ಲವಾದ್ದರಿಂದ ಯಾವ ಭಾಷೆಯವರೂ ಆಡಬಹುದು. ನಮ್ಮ ಮನೆಯಲ್ಲಿ ಅರೆಭಾಷೆ, ಪಕ್ಕದ ತೋಟದವರದು ಕೊಡವ ತಕ್ಕ್, ಮಗಳ ಗೆಳತಿಯ ಮನೆಮಾತು ಮಲಯಾಳಂ, ಎಲ್ಲರ ನಡುವೆ ಕನ್ನಡ. ಸುಳಿವು ಯಾರಿಗೆ ತಲುಪುತ್ತದೆ ಎಂಬುದೇ ಇಲ್ಲಿ ತಂತ್ರ. ಒಂದು ಸಂಜೆ, ಕಕ್ಕಡ ತಿಂಗಳ ಮಳೆ ಹೊಡೆಯುತ್ತಿದ್ದಾಗ, ನಾದಿನಿ "ಮದ್ದುಸೊಪ್ಪಿನ ಪಾಯಸ" ಎಂದು ಸುಳಿವು ಕೊಟ್ಟಳು. ಕಕ್ಕಡದ ಹದಿನೆಂಟನೆಯ ದಿನ, ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪನ್ನು ಕುದಿಸಿ ಬಂದ ಕಡು ನೇರಳೆ ನೀರಿನಲ್ಲಿ ಪಾಯಸ ಮಾಡುವುದು ಇಲ್ಲಿಯವರಿಗೆಲ್ಲ ಗೊತ್ತು. ಮೇಜಿನ ಮೇಲೆ ನೇರಳೆ ಆಕಾಶದ ಒಂದು ಚಿತ್ರವಿತ್ತು, ಊರಿನವರೆಲ್ಲ ಅದಕ್ಕೆ ಮತ ಹಾಕಿದರು. ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು ಅಡುಗೆಮನೆ ಇದ್ದ ಚಿತ್ರವನ್ನು ಆರಿಸಿದರು. ಅವರೊಬ್ಬರು ಇದ್ದುದರಿಂದಲೇ ನಾದಿನಿಗೆ 3 ಅಂಕ ಸಿಕ್ಕಿತು. ಮಾವ ಮತ್ತೊಂದು ಸಲ ಮೇಜಿನ ಮೇಲೆ ಬೆರಳಿನಿಂದ ವಾಲಗದ ತಾಳ ಬಾರಿಸಿ ಕುಣಿತದ ಚಿತ್ರ ಇಟ್ಟಾಗ ಎಲ್ಲರಿಗೂ ಗೊತ್ತಾಗಿ ಸೊನ್ನೆ ಬಂತು.

ಇದನ್ನು ಹೇಳಿದ್ದು ಯಾಕೆಂದರೆ, ಹೊಸ ಪೆಟ್ಟಿಗೆಯ ಚಿತ್ರಗಳು ಯುರೋಪಿನ ಜಾನಪದ ಕಥೆಗಳ ನೆನಪನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆಯೇ, ಅಥವಾ ನಮ್ಮ ನೆನಪುಗಳಿಗೂ ಒಳಗೆ ಬರಲು ಬಾಗಿಲಿದೆಯೇ ಎಂದು ಕನ್ನಡದಲ್ಲಿ ಬರೆಯುವವರೇ ಹೇಳಬೇಕು. ಕೋಟೆ, ಡ್ರ್ಯಾಗನ್, ಹಿಮ ಇವು ಮಕ್ಕಳಿಗೆ ಟಿ.ವಿ.ಯಿಂದ ಪರಿಚಿತ, ಎಪ್ಪತ್ತು ದಾಟಿದ ಅತ್ತೆಗೆ ಅಲ್ಲ. ಆದರೂ ಮರ, ನೀರು, ಪ್ರಾಣಿ, ದಾರಿ ಇರುವ ಚಿತ್ರ ಬಂದರೆ ಅವರ ಸುಳಿವುಗಳೇ ಎಲ್ಲರಿಗಿಂತ ಚೂಪು. ಹಿರಿಯರೊಬ್ಬರು, ಒಂದು ಮಗು, ಊರಿನ ಹೊರಗಿನವರೊಬ್ಬರು, ಈ ಮೂವರೂ ಇರುವ ಒಂದು ಆಟವನ್ನಾದರೂ ಆಡದೆ ತೀರ್ಪು ಬರೆಯಬೇಡಿ.

ಬೆಳಕಿನ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. ಡಿಕ್ಸಿಟ್‌ನಲ್ಲಿ ಚಿತ್ರಗಳನ್ನು ಮೇಜಿನ ನಡುವೆ ಇಡುವುದರಿಂದ ಅರ್ಧ ಜನ ತಲೆಕೆಳಗಾಗಿಯೇ ನೋಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಚಾರ್ಜಿಂಗ್ ಲೈಟಿನ ಬಿಳಿ ಬೆಳಕೇ ಗತಿ, ಆಗ ಕಂದು ಮತ್ತು ಕಡುನೀಲಿ ಒಂದೇ ಆಗಿಬಿಡುತ್ತವೆ. ಹೊಸ ಚಿತ್ರಗಳನ್ನು ಮೇಜಿನ ಆಚೆ ಬದಿಯಿಂದ, ತಿರುಗಿಸಿ, ಮಂದ ಬೆಳಕಿನಲ್ಲಿ ನೋಡಿ. ಮುಖ್ಯ ಆಕೃತಿ ಆಗಲೂ ಗೊತ್ತಾದರೆ ಆ ಕಲಾವಿದರಿಗೆ ಆಟದ ಮೇಜು ಹೇಗಿರುತ್ತದೆ ಎಂಬ ಅರಿವಿದೆ ಎಂದರ್ಥ.

ಬರೆಯುವಾಗ ಫೋಟೋಗಳಲ್ಲಿ ಜಿಪುಣತನವಿರಲಿ. ಓದುಗರು ಹಣ ಕೊಡುವುದು ಕಾಣದ ಚಿತ್ರಗಳಿಗೆ. ಇಪ್ಪತ್ತು ಚಿತ್ರ ತೋರಿಸಿದರೆ ಪೆಟ್ಟಿಗೆಯ ಕಾಲುಭಾಗವನ್ನು ನೀವೇ ಖಾಲಿ ಮಾಡಿದಂತೆ. ನಾನು ಮೂರಕ್ಕಿಂತ ಹೆಚ್ಚು ತೋರಿಸುವುದಿಲ್ಲ: ಚೆನ್ನಾಗಿ ಆಡುವುದು ಒಂದು, ಆಡದೇ ಉಳಿದದ್ದು ಒಂದು, ಕಲಾವಿದರ ಶೈಲಿ ತಿಳಿಯುವಂಥದ್ದು ಒಂದು. ಉಳಿದದ್ದನ್ನು ಮಾತಿನಲ್ಲಿ ಹೇಳಿ. "ಅದ್ಭುತ", "ಕಲ್ಪನಾತೀತ" ಎಂಬ ಪದಗಳನ್ನು ಬಿಟ್ಟು, ಸುಳಿವುಗಳನ್ನೇ ಬರೆಯಿರಿ. "ಇದೇ ಚಿತ್ರಕ್ಕೆ ಒಂದು ಆಟದಲ್ಲಿ 'ಮದುವೆಯ ಮರುದಿನ' ಎಂಬ ಸುಳಿವು ಬಂತು, ಇನ್ನೊಂದರಲ್ಲಿ 'ಪರೀಕ್ಷೆ' ಎಂಬುದು" ಎಂದು ಬರೆದರೆ ಆ ಚಿತ್ರದ ಶಕ್ತಿ ಓದುಗರಿಗೆ ಹತ್ತು ವಿಶೇಷಣಗಳಿಗಿಂತ ಚೆನ್ನಾಗಿ ಮುಟ್ಟುತ್ತದೆ. ನೋಟ್‌ಬುಕ್ಕಿನ ನಿಜವಾದ ಉಪಯೋಗ ಇದು.

ಪೆಟ್ಟಿಗೆಯನ್ನು ಕೊಂಡಿರೋ, ಯಾರಾದರೂ ಉಚಿತವಾಗಿ ಕೊಟ್ಟರೋ ಎಂಬುದನ್ನು ಮೇಲೆಯೇ ಹೇಳಿಬಿಡಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆಮದು ಪೆಟ್ಟಿಗೆಗಳಲ್ಲಂತೂ ಬಹಳ. ಹಾಗಾಗಿ ನೀವು ಕೊಟ್ಟ ಮೊತ್ತ, ಕೊಂಡ ತಿಂಗಳು ಎರಡನ್ನೂ ಬರೆದರೆ ಸಾಕು. ಹತ್ತಕ್ಕೆ ಎಷ್ಟು ಅಂಕ ಎಂದು ಕೊಡಲು ನನಗೆ ಇಷ್ಟವಿಲ್ಲ. 84ರಲ್ಲಿ ಎಷ್ಟು ಚಿತ್ರಗಳು ಬೇರೆ ಬೇರೆ ಕೈಗಳಲ್ಲಿ ಬೇರೆ ಬೇರೆ ಸುಳಿವಿಗೆ ಬಂದವು, ಎಷ್ಟು ಕೈಯಲ್ಲೇ ಕುಳಿತವು ಎಂಬ ಎರಡು ಸಂಖ್ಯೆ ಕೊಡಿ, ಅವು ನಿಮ್ಮ ಮೇಜಿನ ಸಂಖ್ಯೆಗಳು ಎಂದೂ ಹೇಳಿ.

ತೀರ್ಪನ್ನು ಒಬ್ಬೊಬ್ಬರಿಗೆ ಬೇರೆಯಾಗಿ ಬರೆಯಬೇಕು. ಮೂಲ ಪೆಟ್ಟಿಗೆಯನ್ನು ವರ್ಷಕ್ಕೆ ಒಂದೆರಡು ಸಲ, ಹಬ್ಬಕ್ಕೆ ನೆಂಟರು ಸೇರಿದಾಗ ಮಾತ್ರ ತೆಗೆಯುವವರಿಗೆ ಎಕ್ಸ್‌ಪ್ಯಾನ್ಶನ್ ಬೇಡ, 84 ಚಿತ್ರ ಅವರಿಗೆ ಧಾರಾಳ. ಹಳೆಯ ಚಿತ್ರಗಳಿಗೆ ಹಳೆಯ ಸುಳಿವುಗಳೇ ಅಂಟಿಕೊಂಡು, ಬಾಯಿ ತೆರೆಯುವ ಮೊದಲೇ ಉತ್ತರ ಗೊತ್ತಾಗುವ ಸ್ಥಿತಿ ತಲುಪಿದ ಮನೆಗೆ ಒಂದು ಬೇಕೇ ಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಯಾವುದು, ದೊಡ್ಡವರೇ ಆಡುವ ಗುಂಪಿಗೆ ಯಾವುದು ಎಂದು ಹೆಸರು ಹಿಡಿದು ಹೇಳಿ. ನಮ್ಮಲ್ಲಿ ಕ್ವೆಸ್ಟ್ ಮೂಲ ಪೆಟ್ಟಿಗೆಯೊಂದಿಗೆ ಪೂರ್ತಿ ಬೆರೆತಿದೆ, ಈಗ ಯಾವ ಚಿತ್ರ ಯಾವುದರದ್ದು ಎಂದು ಹೇಳಲು ನನಗೂ ಆಗುವುದಿಲ್ಲ. ಡೇಡ್ರೀಮ್ಸ್ ಅನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ಮಗಳು ಮಲಗಿದ ಮೇಲೆ ದೊಡ್ಡವರು ನಾಲ್ಕೈದು ಜನ ಉಳಿದರೆ ಆ ಡಬ್ಬಿಯನ್ನು ತೆರೆಯುತ್ತೇವೆ, ಅದರೊಂದಿಗೆ ಬೇರೆ ಯಾವುದನ್ನೂ ಕಲಸುವುದಿಲ್ಲ.